ಕಾನೂನು ಪಾಠ ಮಾಡುತ್ತಲೇ ವಕೀಲಿಕೆಯನ್ನೂ ನಡೆಸಬಹುದೇ?

ಎಲ್‌ಎಲ್‌ಎಂ (ಕಾನೂನು ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ, ಮುಂದೆ ಪಾಠ, ಸಂಶೋಧನೆ, ವಕೀಲಿಕೆ ಮೂರೂ ಬೇಕು, ಆಗುತ್ತದೆಯೇ ಎಂದು ಕೇಳಿದ್ದೀರಿ.

ಪೂರ್ಣಾವಧಿ ಅಧ್ಯಾಪಕರಾಗಿದ್ದುಕೊಂಡು ಮೂರೂ ಏಕಕಾಲಕ್ಕೆ ಆಗುವುದಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ. ಕಾಲೇಜಿನಲ್ಲಿ ಕಾಯಂ ಹುದ್ದೆ ಸಿಕ್ಕರೆ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಅಮಾನತಿನಲ್ಲಿಡಬೇಕು. ವಕೀಲರು ಪಾಠ ಮಾಡಲು ಮಾತ್ರ ಅಡ್ಡಿಯಿಲ್ಲ: 1979ರ ನಿಯಮಗಳ ಪ್ರಕಾರ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಕಲಿಸಬಹುದು.

ನಾನು ಏಳು ವರ್ಷ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿಕೆ ಮಾಡಿ ಆಮೇಲೆ ಅಧ್ಯಾಪಕನಾದವನು. ಕೋಟು ಕಳಚಿದ್ದಕ್ಕೆ ಸಂಕಟವಾಗಿತ್ತು, ನಿಜ. ಆದರೆ ಆ ಏಳು ವರ್ಷಗಳು ಇಂದಿಗೂ ನನ್ನ ತರಗತಿಯನ್ನು ಸಾಕುತ್ತಿವೆ. ಒಂದು ಪಾಲುಪಟ್ಟಿ ದಾವೆಯಲ್ಲಿ ಸಾಕ್ಷಿಕಟ್ಟೆಯಲ್ಲಿದ್ದ ಅಜ್ಜಿಗೆ, ಅವರು ಆಸ್ತಿಯ ಪಾಲು ಬಿಟ್ಟುಕೊಟ್ಟಿದ್ದಾರೆ ಎನ್ನುವ ಹಕ್ಕು ಬಿಡುಗಡೆ ಪತ್ರ ತೋರಿಸಿ, ಹೆಬ್ಬೆಟ್ಟು ನಿಮ್ಮದೇ ತಾನೇ ಎಂದು ಪಾಟೀಸವಾಲಿನಲ್ಲಿ ಕೇಳಿದೆ. "ಹೌದು" ಎಂದರು. ಅಲ್ಲಿಗೆ ಕುಳಿತುಕೊಳ್ಳಬೇಕಿತ್ತು. "ಹಾಗಾದರೆ ಪತ್ರ ನೀವೇ ಬರೆದುಕೊಟ್ಟಿದ್ದು?" ಎಂದೆ. "ಹೆಬ್ಬೆಟ್ಟು ನನ್ನದು ಸ್ವಾಮಿ, ಕಾಗದ ನನ್ನದಲ್ಲ. ಅದರಲ್ಲಿ ಏನಿದೆ ಎಂದು ಯಾರೂ ಓದಿ ಹೇಳಲಿಲ್ಲ." ನ್ಯಾಯಾಧೀಶರು ಪೆನ್ನು ಎತ್ತಿಕೊಂಡು ಬರೆದುಕೊಂಡರು. ನನ್ನ ಕಕ್ಷಿದಾರ ಸೋತ. ಸೋಲುವುದೇ ನ್ಯಾಯವಾಗಿತ್ತು ಎಂದು ನನಗೆ ಅರಿವಾದದ್ದು ಪಾಠ ಮಾಡಲು ಶುರುಮಾಡಿದ ಮೇಲೆ. ಪ್ರತಿ ವರ್ಷ ಸಾಕ್ಷ್ಯ ಕಾನೂನಿನ ಮೊದಲ ತರಗತಿಯಲ್ಲಿ ಆ ಅಜ್ಜಿಯ ಮಾತನ್ನು ಹಲಗೆಯ ಮೇಲೆ ಬರೆಯುತ್ತೇನೆ.

ಇನ್ನು ಸಂಶೋಧನೆ. ಅದು ಬಡ್ತಿಗಾಗಿ ಲೇಖನ ಎಣಿಸುವ ಕೆಲಸವೆಂದು ದಯವಿಟ್ಟು ತಿಳಿಯಬೇಡಿ. ಮಥುರಾ ಪ್ರಕರಣದಲ್ಲಿ, ಪೊಲೀಸ್ ಠಾಣೆಯಲ್ಲಿ ಮಥುರಾ ಎಂಬ ಬುಡಕಟ್ಟಿನ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಆರೋಪಿ ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಶರಣಾಗುವುದಕ್ಕೂ ಸಮ್ಮತಿಸುವುದಕ್ಕೂ ಇರುವ ಅಂತರವನ್ನು ಬಿಡಿಸಿ ತೋರಿಸಿದರು. ದೇಶದ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನೇ ಬದಲಾಯಿತು: ಪೊಲೀಸರ ವಶದಲ್ಲಿದ್ದಾಗಿನ ಇಂಥ ಪ್ರಕರಣಗಳಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲವೆಂದು ಮಹಿಳೆ ನುಡಿದರೆ, ಒಪ್ಪಿಗೆ ಇರಲಿಲ್ಲ ಎಂದೇ ನ್ಯಾಯಾಲಯ ಭಾವಿಸಬೇಕು. ಆಗ್ರಾದ ಸರ್ಕಾರಿ ಮಹಿಳಾ ರಕ್ಷಣಾಗೃಹದ ದುಃಸ್ಥಿತಿಯ ಬಗ್ಗೆ ಬಕ್ಷಿ ಮತ್ತು ಸರ್ಕಾರ್ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. ವಕಾಲತ್ತು ಹಾಕದೆಯೂ ಇಷ್ಟು ಸಾಧ್ಯ.

ಆದ್ದರಿಂದ ಎಲ್‌ಎಲ್‌ಎಂ ಮುಗಿಸಿ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿಕೊಳ್ಳಿ, ಆದರೆ ಹುದ್ದೆಗೆ ಅವಸರಪಡಬೇಡಿ. ನಾಲ್ಕೈದು ವರ್ಷ ಒಳ್ಳೆಯ ಸಿವಿಲ್ ವಕೀಲರೊಬ್ಬರ ಕೈಕೆಳಗೆ ವಾದಪತ್ರ ಬರೆಯಿರಿ, ಸಾಕ್ಷಿಗಳ ಮುಖ ನೋಡಿ. ಸಂಜೆ ಹೊತ್ತು ಪಾಠಕ್ಕೆ ಅವಕಾಶ ಸಿಕ್ಕರೆ ಬಿಡಬೇಡಿ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ.