ಬ್ಯಾಂಡಿನ ಸೆಟ್ ತರಿಸುವ ಮುನ್ನ ಹಾಜರಿ ಪುಸ್ತಕ ತೆರೆಯಿರಿ

ನಮಸ್ಕಾರ ಮೇಡಂ. ಸಾಗರದ ಹತ್ತಿರವಿರುವ ನಿಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ನಾಲ್ಕು ಕ್ಲಾರಿನೆಟ್, ಮೂರು ಟ್ರಂಪೆಟ್, ಎರಡು ಆಲ್ಟೊ ಸ್ಯಾಕ್ಸೊಫೋನ್ ಮತ್ತು ಕೆಳಸ್ಥಾಯಿಯ ಹಿತ್ತಾಳೆ ವಾದ್ಯವಾದ ಒಂದು ಯುಫೋನಿಯಂ ಕೊಡಿಸಿದ್ದಾರೆ. ಡ್ರಮ್ಮುಗಳು ಮೊದಲೇ ಇದ್ದವು. ಕೊಳಲು ಬಲ್ಲವರು ಐವರು, ಪಿಟೀಲು ಕಲಿಯುತ್ತಿರುವವರು ಇಬ್ಬರು. ಅಮೆರಿಕದ ಕನ್ಸರ್ಟ್ ಬ್ಯಾಂಡ್ ಸೆಟ್ ಒಂದನ್ನು, ಅಂದರೆ ಇಡೀ ಬ್ಯಾಂಡಿಗೆ ಅಚ್ಚಾದ ಸಂಗೀತದ ಹಾಳೆಗಳ ಕಟ್ಟನ್ನು, ಅಂತರ್ಜಾಲದಲ್ಲಿ ನೋಡಿದ್ದೀರಿ. ಅದನ್ನು ತರಿಸಬಹುದೇ, ಇಲ್ಲವಾದರೆ ನೊಟೇಷನ್ (ಬರೆದ ಸ್ವರಲಿಪಿ) ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಶಾಲಾ ಬ್ಯಾಂಡ್ ಕಲಿಸುವವನು. ನೇರವಾಗಿ ಹೇಳುತ್ತೇನೆ: ಈ ವರ್ಷ ಆ ಸೆಟ್ ತರಿಸಬೇಡಿ.

ಆ ಸೆಟ್ಟಿನ ಲಕೋಟೆಯೊಳಗೆ ಏನಿರುತ್ತದೆ ಎಂಬುದನ್ನು ನೋಡಿ. ನಡೆಸುವವರಿಗೆ ಎಲ್ಲ ವಾದ್ಯಗಳ ಸಾಲೂ ಇರುವ ಒಂದು ದಪ್ಪ ಸ್ಕೋರ್. ಅದರ ಜೊತೆಗೆ ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಹಾಳೆ, ಅದನ್ನು ಪಾರ್ಟ್ ಎನ್ನುತ್ತಾರೆ. ಓಬೊ, ಬಸೂನ್, ಬಾಸ್ ಕ್ಲಾರಿನೆಟ್, ಟೆನರ್ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನ್, ಹಾರ್ನ್, ಟ್ರಾಂಬೋನ್, ಟ್ಯೂಬಾ, ಟಿಂಪನಿ ಎಂದು ಪಟ್ಟಿ ಸಾಗುತ್ತದೆ. ಐವತ್ತು ಅರವತ್ತು ಡಾಲರ್ ಕೊಟ್ಟು, ಮೇಲೆ ಸಾಗಣೆ ವೆಚ್ಚವನ್ನೂ ತೆತ್ತು ತರಿಸಿದ ಕಾಗದದಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ಬೀರುವಿನಲ್ಲೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಟ್ಯೂಬಾ, ಟ್ರಾಂಬೋನ್ ಇರುತ್ತವೆ ಎಂದೇ ನಂಬಿ ಬರೆದ ಸಂಗೀತ ಅದು. ಅವಿಲ್ಲದಿದ್ದರೆ ಕೆಳಸ್ಥಾಯಿಯ ಭಾರವೆಲ್ಲ ನಿಮ್ಮ ಯುಫೋನಿಯಂ ಹುಡುಗನೊಬ್ಬನ ಮೇಲೆ ಬೀಳುತ್ತದೆ. ಅವನು ಒಂದು ದಿನ ಬಾರದಿದ್ದರೆ ಬ್ಯಾಂಡಿಗೆ ತಳವೇ ಇರುವುದಿಲ್ಲ.

ಕೊಳ್ಳಲೇಬೇಕೆಂದರೆ ‘ಫ್ಲೆಕ್ಸ್ ಬ್ಯಾಂಡ್’ ಎಂದು ನಮೂದಿಸಿರುವ ಸೆಟ್ ಹುಡುಕಿ. ಅದರಲ್ಲಿ ಸಂಗೀತವನ್ನು ನಾಲ್ಕೈದು ಸಾಲುಗಳಿಗೆ ಇಳಿಸಿ, ಪ್ರತಿ ಸಾಲನ್ನೂ ಬೇರೆ ಬೇರೆ ವಾದ್ಯಗಳಿಗೆ ಒಗ್ಗುವಂತೆ ಅಚ್ಚು ಹಾಕಿರುತ್ತಾರೆ. ಯಾರಿದ್ದಾರೋ ಅವರಿಗೆ ಹಂಚಿದರಾಯಿತು. ಸಂಗೀತ ಎಷ್ಟು ಕಷ್ಟದ್ದು ಎಂದು ತೋರಿಸಲು ಪ್ರಕಾಶಕರು ಹಾಕುವ ಗ್ರೇಡ್ ಸಾಮಾನ್ಯವಾಗಿ ಅರ್ಧದಿಂದ ಆರರವರೆಗೆ ಇರುತ್ತದೆ. ನೀವು ಅರ್ಧ ಅಥವಾ ಒಂದನ್ನು ದಾಟಬೇಡಿ. ಒಂದನೆಯ ಗ್ರೇಡ್ ಎಂದರೆ ಒಂದನೆಯ ತರಗತಿ ಎಂದು ತಿಳಿದು ಮೂರಕ್ಕೆ ಕೈ ಹಾಕುವ ಮುಖ್ಯೋಪಾಧ್ಯಾಯರಿದ್ದಾರೆ, ಅವರಿಗೆ ಇದನ್ನು ಮೊದಲೇ ತಿಳಿಸಿಡಿ. ಅದಕ್ಕೂ ಮುನ್ನ ಹಣ ಹಾಕಬೇಕಾದದ್ದು ಕಲಿಕೆಯ ಪುಸ್ತಕಕ್ಕೆ. ಹ್ಯಾಲ್ ಲಿಯೊನಾರ್ಡ್ ಸಂಸ್ಥೆಯ ‘ಎಸೆನ್ಷಿಯಲ್ ಎಲಿಮೆಂಟ್ಸ್’ ಮಾದರಿಯ ಪುಸ್ತಕಗಳಲ್ಲಿ ಕ್ಲಾರಿನೆಟ್ಟಿಗೊಂದು, ಟ್ರಂಪೆಟ್ಟಿಗೊಂದು ಎಂದು ಪ್ರತ್ಯೇಕ ಪ್ರತಿ ಇರುತ್ತದೆ. ಎಲ್ಲರೂ ಒಂದೇ ಸಂಖ್ಯೆಯ ಪಾಠವನ್ನು ತೆರೆದು ಒಟ್ಟಿಗೆ ನುಡಿಸಬಹುದು.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಮೊದಲ ವಾರವೇ ಎದುರಾಗುವ ಸಂಗತಿ. ಕೀಬೋರ್ಡಿನಲ್ಲಿ ‘ಸಿ’ ಒತ್ತಿ, ಕ್ಲಾರಿನೆಟ್ ಹುಡುಗಿಗೂ ಸ್ಯಾಕ್ಸೊಫೋನ್ ಹುಡುಗನಿಗೂ ತಮ್ಮ ತಮ್ಮ ಹಾಳೆಯ ‘ಸಿ’ ನುಡಿಸಲು ಹೇಳಿ. ಮೂರು ಬೇರೆ ಸ್ವರಗಳು ಕೇಳುತ್ತವೆ. ವಾದ್ಯ ಕೆಟ್ಟಿದೆ ಎಂದು ಅಂಗಡಿಗೆ ಫೋನ್ ಮಾಡಬೇಡಿ. ಕ್ಲಾರಿನೆಟ್ ಮತ್ತು ಟ್ರಂಪೆಟ್ ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳುತ್ತವೆ; ಅವುಗಳ ‘ಸಿ’ ಎಂದರೆ ಕೀಬೋರ್ಡಿನ ಬಿ ಫ್ಲ್ಯಾಟ್, ಅಂದರೆ ‘ಬಿ’ಗಿಂತ ಅರ್ಧ ಸ್ವರ ಕೆಳಗಿನದು. ಆಲ್ಟೊ ಸ್ಯಾಕ್ಸೊಫೋನಿನ ‘ಸಿ’ ಕೀಬೋರ್ಡಿನ ಇ ಫ್ಲ್ಯಾಟ್. ಹಾಗಾಗಿ ಇಡೀ ಬ್ಯಾಂಡ್ ಬಿ ಫ್ಲ್ಯಾಟನ್ನು ಷಡ್ಜವಾಗಿಟ್ಟುಕೊಂಡು ನುಡಿಸಬೇಕಾದರೆ ಕ್ಲಾರಿನೆಟ್, ಟ್ರಂಪೆಟ್ಟುಗಳ ಹಾಳೆಯಲ್ಲಿ ‘ಸಿ’ ಇರಬೇಕು, ಆಲ್ಟೊ ಹಾಳೆಯಲ್ಲಿ ‘ಜಿ’ ಇರಬೇಕು, ಕೀಬೋರ್ಡಿನಲ್ಲಿ ಬಿ ಫ್ಲ್ಯಾಟ್ ಇರಬೇಕು. ಯುಫೋನಿಯಮ್ಮಿಗೆ ಬಾಸ್ ಕ್ಲೆಫ್‌ನಲ್ಲಿ (ಕೆಳಸ್ಥಾಯಿಯ ಸ್ವರಗಳಿಗೆ ಹಾಳೆಯಲ್ಲಿ ಹಾಕುವ ಗುರುತು) ಕೊಟ್ಟರೆ ಕೇಳುವುದನ್ನೇ ಬರೆಯಬೇಕು. ಮೊದಲು ಟ್ರಂಪೆಟ್ ಕಲಿತು ಅದಕ್ಕೆ ಬಂದ ಹುಡುಗನಾದರೆ ಟ್ರಂಪೆಟ್ಟಿನಂತೆ ಟ್ರೆಬಲ್ ಕ್ಲೆಫ್ (ಮೇಲಿನ ಸ್ವರಗಳ ಗುರುತು) ಹಾಳೆಯೇ ಬೇಕೆನ್ನುತ್ತಾನೆ, ಅದರಲ್ಲಿ ಮತ್ತೆ ‘ಸಿ’. ಇದನ್ನೆಲ್ಲ ಕೈಯಲ್ಲಿ ಲೆಕ್ಕ ಹಾಕುವ ಅಗತ್ಯವಿಲ್ಲ. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ಬರೆದರೆ ಪ್ರತಿ ವಾದ್ಯದ ಪಾರ್ಟನ್ನೂ ಅದೇ ಬದಲಿಸಿ ಕೊಡುತ್ತದೆ. ಅದೇ ಹೆಸರಿನ ಇನ್ನೊಂದು ಜಾಲತಾಣವಿದೆ. ಇತರರು ಬರೆದ ನೊಟೇಷನ್ ಇಳಿಸಿಕೊಳ್ಳಲು ಅದು ಚಂದಾ ಕೇಳುತ್ತದೆ. ನಿಮಗೆ ಬೇಕಾದದ್ದು ತಂತ್ರಾಂಶ ಮಾತ್ರ.

ಮಕ್ಕಳು ಸರಳೆ ವರಸೆ (ಸರಿಗಮದ ಮೊದಲ ಪಾಠಗಳು) ಕಲಿತವರಾದರೆ ಅರ್ಧ ಕೆಲಸ ಮುಗಿದಂತೆ. ಸರಿಗಮಕ್ಕೆ ಈ ಗೊಂದಲವೇ ಇಲ್ಲ, ಎಲ್ಲರ ಸ ಒಂದೇ. ಆದರೆ ಸ್ವರಾಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ, ಹಾಳೆಯ ಮೇಲೆ ಬೇಡ. ನೊಟೇಷನ್ನಿನ ಐದು ಗೆರೆಗಳ ಕೆಳಗೆ ಸ ರಿ ಗ ಬರೆದುಕೊಟ್ಟರೆ ಮಗುವಿನ ಕಣ್ಣು ಮೇಲಕ್ಕೆ ಏಳುವುದೇ ಇಲ್ಲ. ಹತ್ತನೆಯ ತರಗತಿ ಮುಗಿಸಿ ಹೋಗುವಾಗಲೂ ನೊಟೇಷನ್ ಓದಲು ಬಂದಿರುವುದಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕೊಳಲಿನ ಮಕ್ಕಳನ್ನು ಬಿಡಬೇಡಿ. ವಿದೇಶಿ ಸೆಟ್ಟಿನ ಫ್ಲೂಟ್ ಪಾರ್ಟನ್ನು ಬಿದಿರಿನ ಕೊಳಲಿಗೆ ಹಾಗೆಯೇ ಕೊಟ್ಟರೆ ನಡೆಯದು, ಏಕೆಂದರೆ ಬಿದಿರಿನ ಕೊಳಲು ಒಂದೊಂದೂ ಒಂದೊಂದು ಶ್ರುತಿಯದು, ಅಂದರೆ ಒಂದೊಂದರ ಷಡ್ಜವೂ ಬೇರೆ. ಬಿ ಫ್ಲ್ಯಾಟ್ ಎಂದರೆ ನಮ್ಮ ಲೆಕ್ಕದಲ್ಲಿ ಆರೂವರೆ ಶ್ರುತಿ. ಐವರಿಗೂ ಆರೂವರೆಯ ಕೊಳಲನ್ನೇ ಕೊಡಿಸಿ. ಕೊಳ್ಳುವಾಗ ಒಂದು ಎಚ್ಚರಿಕೆ: ಕರ್ನಾಟಕ ಪದ್ಧತಿಯವರು ಮೊದಲ ಎರಡು ರಂಧ್ರ ಮುಚ್ಚಿ ಷಡ್ಜ ನುಡಿಸುತ್ತಾರೆ, ಹಿಂದೂಸ್ತಾನಿಯವರು ಮೂರು ಮುಚ್ಚಿ. ಅದೇ ಕೊಳಲು ಕರ್ನಾಟಕ ಪದ್ಧತಿಯವರ ಲೆಕ್ಕದಲ್ಲಿ ಯಾವ ಶ್ರುತಿಯದೋ ಹಿಂದೂಸ್ತಾನಿಯವರ ಲೆಕ್ಕದಲ್ಲಿ ಅದಕ್ಕಿಂತ ಒಂದು ಪೂರ್ಣ ಸ್ವರ ಕೆಳಗಿನದು. ಸಾಗರ, ಸೊರಬದ ಕಡೆ ಎರಡು ಪದ್ಧತಿಯ ಗುರುಗಳೂ ಇರುವುದರಿಂದ ಕೊಳಲಿನ ಮೇಲೆ ಬರೆದ ಅಕ್ಷರವನ್ನು ನಂಬದೆ, ಮೊಬೈಲಿನ ಟ್ಯೂನರ್ ಮುಂದೆ ಊದಿಸಿ ನೋಡಿ ಕೊಳ್ಳಿ.

ಯಾವ ಸಂಗೀತ ನುಡಿಸಬೇಕು? ನನ್ನ ಆಯ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು. ಮದರಾಸಿನ ಕಡೆ ಇದ್ದಾಗ ಇಂಗ್ಲಿಷರ ಬ್ಯಾಂಡುಗಳಿಂದ ಕೇಳಿದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿದರು. ‘ನೋಟ್’ ಎಂಬುದೇ ನೊಟ್ಟು ಆಗಿದೆ. ಎಲ್ಲವೂ ಶಂಕರಾಭರಣ ರಾಗದ ಸ್ವರಗಳಲ್ಲಿ, ಗಮಕವಿಲ್ಲದೆ (ಸ್ವರವನ್ನು ತೂಗಿಸದೆ), ನೇರ ನಡಿಗೆಯಲ್ಲಿವೆ. ತೋಡಿ ರಾಗವನ್ನು ಟ್ರಂಪೆಟ್ಟಿಗೆ ಬರೆಯಲು ಹೊರಟರೆ, ಗಮಕದಲ್ಲಿ ತೂಗುವ ಅದರ ಗಾಂಧಾರ ಐದು ಗೆರೆಯ ಮೇಲೆ ಸಿಗುವುದೇ ಇಲ್ಲ. ಇಲ್ಲಿ ಆ ಪಾಡಿಲ್ಲ. ದೀಕ್ಷಿತರ ಕಾಲ 1775ರಿಂದ 1835. ಹಕ್ಕುಸ್ವಾಮ್ಯದ ಚಿಂತೆಯೂ ಇಲ್ಲ.

‘ಶ್ಯಾಮಲೇ ಮೀನಾಕ್ಷಿ’ಯಿಂದ ಶುರು ಮಾಡಿ. ಸ ಸ ಪ ಪ ದ ದ ಪ, ಮ ಮ ಗ ಗ ರಿ ರಿ ಸ. ಮಕ್ಕಳು ಶಿಶುವಿಹಾರದಲ್ಲಿ ಹಾಡಿದ ನಕ್ಷತ್ರದ ಇಂಗ್ಲಿಷ್ ಪದ್ಯದ ಮಟ್ಟೇ ಇದು, ಎರಡನೆಯ ಸಾಲಿಗೇ ಗುರುತು ಹಿಡಿದು ನಗುತ್ತಾರೆ. ಷಡ್ಜದಿಂದ ಧೈವತದವರೆಗೆ ಆರೇ ಸ್ವರ. ಇದು ಕ್ಲಾರಿನೆಟ್ಟಿನವರಿಗೆ ವರ. ಹೇಗೆಂದರೆ, ಅವರ ಹಾಳೆಯಲ್ಲಿ ಇದು ‘ಸಿ’ಯಿಂದ ‘ಎ’ವರೆಗೆ ಬರುತ್ತದೆ. ಆ ‘ಎ’ ನುಡಿಸುವಾಗ ಎಡಗೈ ತೋರುಬೆರಳು ಒಂದು ಕೀಲಿ ಒತ್ತಿದರೆ ಸಾಕು, ಉಳಿದ ರಂಧ್ರಗಳೆಲ್ಲ ತೆರೆದಿರುತ್ತವೆ. ಅದರ ಮೇಲಿನ ‘ಬಿ’ಗೆ ಹೋಗಬೇಕಾದರೆ ಒಮ್ಮೆಲೇ ಎರಡೂ ಕೈಗಳ ಬೆರಳು ಇಳಿದು ರಂಧ್ರಗಳೆಲ್ಲ ಮುಚ್ಚಬೇಕು, ಹೆಬ್ಬೆರಳು ಹಿಂದಿನ ಕೀಲಿಯನ್ನೂ ಒತ್ತಬೇಕು. ಒಂದು ರಂಧ್ರ ಕೂದಲೆಳೆಯಷ್ಟು ತೆರೆದಿದ್ದರೂ ವಾದ್ಯ ಕಿರುಚುತ್ತದೆ. ಮೊದಲ ವರ್ಷದ ಮಕ್ಕಳು ವಾದ್ಯವನ್ನು ಕೆಳಗಿಟ್ಟು ಎದ್ದುಹೋಗುವುದು ಈ ದಾಟಿನಲ್ಲೇ. ಆರು ಸ್ವರದ ಮಟ್ಟು ಅದನ್ನು ತಪ್ಪಿಸುತ್ತದೆ. ಆಮೇಲೆ ‘ಸಂತತಂ ಪಾಹಿಮಾಂ’ ಹಾಕಿ. ಅದು ಬ್ರಿಟನ್ನಿನ ರಾಷ್ಟ್ರಗೀತೆಯ ಮಟ್ಟು, ಮೂರರ ನಡೆ, ಕೆಳಗಿನ ನಿಷಾದ ಒಂದು ಹೆಚ್ಚಿಗೆ ಬೇಕು, ಅಷ್ಟೇ.

ಪಿಟೀಲಿನ ಇಬ್ಬರ ವಿಷಯ ಸ್ವಲ್ಪ ತೊಡಕಿನದು. ಪಾಶ್ಚಾತ್ಯ ಶಾಲೆಗಳಲ್ಲಿ ತಂತಿವಾದ್ಯದ ಆರಂಭದ ಪುಸ್ತಕಗಳು ‘ಡಿ’ಯನ್ನು ಷಡ್ಜವಾಗಿಟ್ಟುಕೊಂಡವು, ಬ್ಯಾಂಡಿನವು ಬಿ ಫ್ಲ್ಯಾಟನ್ನು. ಆರ್ಕೆಸ್ಟ್ರಾದ ಸೆಟ್ಟನ್ನೂ ಬ್ಯಾಂಡಿನ ಸೆಟ್ಟನ್ನೂ ಬೆರೆಸಲಾಗದಿರುವುದು ಇದರಿಂದಲೇ. ನಿಮ್ಮವರು ಕರ್ನಾಟಕ ಸಂಗೀತದವರಾದರೆ ಒಂದು ದಾರಿಯಿದೆ. ಅವರು ಸ ಪ ಸ ಪ ಎಂದು ತಂತಿ ಕಟ್ಟುತ್ತಾರೆ. ಬಿ ಫ್ಲ್ಯಾಟಿಗೆ ಏರಿಸಲು ಹೋದರೆ ತಂತಿ ಹರಿದೀತು. ಎರಡೂವರೆ ಶ್ರುತಿಗೆ, ಅಂದರೆ ಇ ಫ್ಲ್ಯಾಟಿಗೆ ಕಟ್ಟಿಸಿ. ಬ್ಯಾಂಡಿನ ಆರಂಭದ ಪುಸ್ತಕಗಳಲ್ಲಿ ಬಿ ಫ್ಲ್ಯಾಟಿನ ನಂತರ ಬರುವ ಷಡ್ಜ ಅದೇ. ವರ್ಷದಲ್ಲಿ ಒಂದು ಕೃತಿಯನ್ನು ಇ ಫ್ಲ್ಯಾಟಿನಲ್ಲಿ ಬರೆದು ಆ ಇಬ್ಬರಿಗೆ ಮೀಸಲಿಡಿ. ಕ್ಲಾರಿನೆಟ್ಟಿಗೆ ಅದೇ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಕೊಟ್ಟರೆ ಮೇಲೆ ಹೇಳಿದ ದಾಟು ಅಲ್ಲೂ ಬರುವುದಿಲ್ಲ.

ಈಗ ಹಾಜರಿ ಪುಸ್ತಕ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಾರೆ. ಕೊಡದ ದಿನವೂ ಹಳ್ಳ ತುಂಬಿ ಬಸ್ ಬಾರದ ಊರಿನ ಮಕ್ಕಳಿರುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ಇನ್ನೂ ಕೆಲವರು ಮನೆಯಲ್ಲೇ. ಆದ್ದರಿಂದ ಯಾವ ಸಾಲನ್ನೂ ಒಬ್ಬರ ಕೈಯಲ್ಲಿ ಮಾತ್ರ ಬಿಡಬೇಡಿ. ಮುಖ್ಯ ಮಟ್ಟನ್ನು ಟ್ರಂಪೆಟ್ಟಿಗೂ ಒಬ್ಬ ಕ್ಲಾರಿನೆಟ್ಟಿನವರಿಗೂ ಕೊಡಿ. ಯುಫೋನಿಯಮ್ಮಿನ ಸಾಲನ್ನು ಎರಡನೆಯ ಆಲ್ಟೊ ಹಾಳೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿಡಿ. ಅಚ್ಚಾದ ಸೆಟ್ಟುಗಳಲ್ಲೂ ಹೀಗೆ ಚಿಕ್ಕ ಗಾತ್ರದಲ್ಲಿ ಬೇರೆ ವಾದ್ಯದ ಸಾಲು ಇರುತ್ತದೆ, ಅದನ್ನು ಕ್ಯೂ ಎನ್ನುತ್ತಾರೆ. ಬಾರದವನ ಬದಲು ಬಂದವನು ನುಡಿಸಲಿ ಎಂಬುದೇ ಅದರ ಉದ್ದೇಶ. ನಿಮ್ಮ ಕೈಯಿಂದ ಬರೆದ ಪಾರ್ಟು ಸೆಟ್ಟಿಗಿಂತ ಮೇಲು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ: ಯಾವ ಮಗು ಯಾವ ಊರಿನಿಂದ ಬರುತ್ತದೆ ಎಂಬುದು ಅಮೆರಿಕದ ಪ್ರಕಾಶಕರಿಗೆ ಗೊತ್ತಿರುವುದಿಲ್ಲ.

ಹಾಳೆಗಳನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆಸಿ. ಇಂಕ್‌ಜೆಟ್ ಶಾಯಿ ಆಗಸ್ಟ್ 15ರ ಜಡಿಮಳೆಗೆ ಮೊದಲ ಹನಿಯಲ್ಲೇ ಹರಡುತ್ತದೆ. ಕೊಂಡ ಸಂಗೀತ ಹೆಚ್ಚಾಗಿ ಒಂಬತ್ತು ಅಂಗುಲ ಅಗಲ, ಹನ್ನೆರಡು ಅಂಗುಲ ಉದ್ದದ್ದು, ಎ4 ಹಾಳೆಗಿಂತ ದೊಡ್ಡದು. ಅಂಗಡಿಯವರು ಹಾಗೇ ಜೆರಾಕ್ಸ್ ಮಾಡಿದರೆ ಅಂಚಿನ ಸ್ವರಗಳು ಹೋಗುತ್ತವೆ. ಶೇ 91ಕ್ಕೆ ಇಳಿಸಲು ಹೇಳಿ. ನಿಮ್ಮದೇ ಪ್ರತಿಯನ್ನು ಮಳೆಯಿಂದ ಉಳಿಸಿಕೊಳ್ಳುವ ನಕಲಿನ ಮಾತು ಇದು. ಪಕ್ಕದ ಶಾಲೆಗೆ ಇಡೀ ಸೆಟ್ ನಕಲು ಮಾಡಿ ಕೊಡಲು ಹಕ್ಕಿಲ್ಲ. ಪ್ಲಾಸ್ಟಿಕ್ ಕವಚಕ್ಕೆ ಹಾಕುವ ಮುನ್ನ ಹಾಳೆ ಪೂರ್ತಿ ಒಣಗಿರಲಿ, ಇಲ್ಲವಾದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳು ಪಟ್ಟಿಗಳಾದ ರೀಡುಗಳಿಗೂ ಇದೇ ಮಾತು.

ಉಚಿತ ನೊಟೇಷನ್ನಿಗೆ ಐಎಂಎಸ್‌ಎಲ್‌ಪಿ ಜಾಲತಾಣ ನೋಡಿ. ಹಕ್ಕುಸ್ವಾಮ್ಯ ಮುಗಿದ ಪಾಶ್ಚಾತ್ಯ ಸಂಗೀತದ ದೊಡ್ಡ ಭಂಡಾರ ಅದು. ನಮ್ಮ ದೇಶದಲ್ಲಿ ಕರ್ತೃ ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ನವೆಂಬರ್ 1ಕ್ಕೆ ನಾಡಗೀತೆ ನುಡಿಸಬೇಕು ಎಂದು ನಿಮ್ಮಲ್ಲೂ ಕೇಳುತ್ತಾರೆ, ಅದರಲ್ಲೂ ನಮ್ಮ ಕುಪ್ಪಳಿಯ ಕವಿಯ ಗೀತೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಸರ್ಕಾರ ಒಪ್ಪಿದ ಧಾಟಿ ಮೈಸೂರು ಅನಂತಸ್ವಾಮಿಯವರದು; ಎರಡಕ್ಕೂ ಇನ್ನೂ ಹಕ್ಕುಸ್ವಾಮ್ಯವಿದೆ. ಶಾಲೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಶಾಲೆಯವರ ಮತ್ತು ಪೋಷಕರ ಮುಂದೆ ನುಡಿಸುವುದಕ್ಕೆ 1957ರ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ನೀವು ಬರೆದ ಬ್ಯಾಂಡ್ ನೊಟೇಷನ್ನನ್ನು ಮಾರುವುದು, ಅಂತರ್ಜಾಲಕ್ಕೆ ಏರಿಸುವುದು ಬೇರೆ ಮಾತು, ಅದಕ್ಕೆ ಅನುಮತಿ ಬೇಕು. ನಾಡಗೀತೆ ಎರಡೂವರೆ ನಿಮಿಷದಲ್ಲಿ ಮುಗಿಯಬೇಕೆಂಬ ಸರ್ಕಾರದ ಆದೇಶವೂ ಇದೆ, ಆಲಾಪ ಸೇರಿಸಬೇಡಿ.

ರಾಷ್ಟ್ರಗೀತೆಗೆ ಹಾಳೆಗಿಂತ ಡ್ರಮ್ಮಿನ ಹುಡುಗನೇ ಮುಖ್ಯ. 52 ಸೆಕೆಂಡು ಎಲ್ಲರಿಗೂ ಗೊತ್ತು. ಬ್ಯಾಂಡ್ ನುಡಿಸುವಾಗ ಮೊದಲು ಡ್ರಮ್ ರೋಲ್ ಬರಬೇಕೆಂದು ಗೃಹ ಸಚಿವಾಲಯದ ಆದೇಶದಲ್ಲಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು ಉದ್ದ. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಿಗೆ ಏರಿ, ಮತ್ತೆ ಮೊದಲಿನಷ್ಟೇ ಮೆಲ್ಲಗಾಗಬೇಕು, ಆದರೆ ಏಳನೆಯ ಹೆಜ್ಜೆಯವರೆಗೂ ಕೇಳುತ್ತಿರಬೇಕು. ಆಮೇಲೆ ಒಂದು ಹೆಜ್ಜೆಯ ಮೌನ, ಅನಂತರ ಗೀತೆ. ಕ್ಲಾರಿನೆಟ್ಟಿನವರು ಇನ್ನೂ ಮೊದಲ ಪಾಠದಲ್ಲಿರುವಾಗಲೇ ಸೈಡ್ ಡ್ರಮ್ಮಿನವನಿಗೆ ಇದನ್ನು ಶುರು ಮಾಡಿಸಿ. ಮೂರು ತಿಂಗಳು ಬೇಕಾಗುತ್ತದೆ.