ವೈನ್ ಕುಡಿದಾಗ ಉಬ್ಬಸ ಬರುವುದೇಕೆ?

ಪ್ರಶ್ನೆ: ನನಗೆ ಬಹಳ ವರ್ಷಗಳಿಂದ ಅಸ್ತಮಾ ಇದೆ. ದಿನವೂ ಇನ್‌ಹೇಲರ್ ಬಳಸುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಒಂದು ಲೋಟ ವೈನ್ ಕುಡಿದರೂ ಅರ್ಧ ಗಂಟೆಯೊಳಗೆ ಮೂಗು ಕಟ್ಟಿ, ಎದೆ ಬಿಗಿದು, ಉಸಿರಾಡುವಾಗ ಸುಂಯ್‌ಗುಡುವ ಸದ್ದು ಬರುತ್ತದೆ. ಬಿಯರ್‌ನಿಂದ ಇಷ್ಟು ತೊಂದರೆಯಾಗುವುದಿಲ್ಲ. ಇದು ಮದ್ಯದ ಅಲರ್ಜಿಯೇ? ಕುಡಿಯುವ ಮೊದಲೇ ಇನ್‌ಹೇಲರ್‌ನ ಒಂದು ಪಫ್ ತೆಗೆದುಕೊಂಡರೆ ಸಾಕೇ?

ಉತ್ತರ: ಮದ್ಯಸಾರಕ್ಕೇ ನಿಜವಾದ ಅಲರ್ಜಿ ಇರುವುದು ಬಹಳ ಅಪರೂಪ. ವೈನ್‌ಗೂ ಬಿಯರ್‌ಗೂ ನಿಮ್ಮ ದೇಹ ಬೇರೆ ಬೇರೆಯಾಗಿ ಸ್ಪಂದಿಸುತ್ತಿರುವುದನ್ನು ನೋಡಿದರೆ, ವೈನ್‌ನಲ್ಲಿರುವ ಇತರ ಪದಾರ್ಥಗಳ ಮೇಲೆಯೇ ಮೊದಲು ಅನುಮಾನ ಬರುತ್ತದೆ. ಅವುಗಳಲ್ಲಿ ಮುಖ್ಯವಾದವು, ವೈನ್ ಕೆಡದಿರಲೆಂದು ಸೇರಿಸುವ ಸಲ್ಫೈಟ್‌ಗಳು. ಇವುಗಳಿಂದ ಹೊರಬರುವ ಗಂಧಕದ ಡೈಆಕ್ಸೈಡ್ ಅನಿಲವು ಗುಟುಕರಿಸುವಾಗಲೇ ಉಸಿರಿನೊಂದಿಗೆ ಒಳಸೇರಿ, ಮೊದಲೇ ಸೂಕ್ಷ್ಮವಾಗಿರುವ ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳು ಸೆಟೆದುಕೊಳ್ಳುವಂತೆ ಮಾಡಬಲ್ಲದು. ಅಸ್ತಮಾ ಇರುವವರೆಲ್ಲರಿಗೂ ಹೀಗಾಗುವುದಿಲ್ಲ. ಸಲ್ಫೈಟ್‌ಗೆ ಸ್ಪಂದಿಸುವವರು ಅವರಲ್ಲಿ ಸಣ್ಣ ಪಾಲು ಮಾತ್ರ. ಸಲ್ಫೈಟ್ ಸೇರಿಸಿದ ಒಣಹಣ್ಣುಗಳನ್ನು ತಿಂದಾಗಲೂ ಎದೆ ಬಿಗಿಯುತ್ತದೆಯೇ ಎಂಬುದನ್ನು ನೆನಪಿಸಿಕೊಳ್ಳಿ. ಹೌದಾದರೆ ಈ ಅನುಮಾನ ಬಲವಾಗುತ್ತದೆ. ಇನ್ನು, ಹುದುಗುವಾಗ ಹುಟ್ಟುವ ಹಿಸ್ಟಮಿನ್ (ಅಲರ್ಜಿಯಂತಹ ಲಕ್ಷಣಗಳನ್ನು ಉಂಟುಮಾಡುವ ರಾಸಾಯನಿಕ) ಕೆಂಪು ವೈನ್‌ನಲ್ಲಿ ಹೆಚ್ಚಾಗಿರುತ್ತದೆ. ಮೂಗು ಕಟ್ಟುವುದಕ್ಕೆ ಅದೂ ಕಾರಣವಿರಬಹುದು.

ಕೆಲವರಿಗೆ ಮಾತ್ರ ಯಾವ ಮದ್ಯ ಕುಡಿದರೂ ಉಬ್ಬಸ ಬರುತ್ತದೆ. ಯಕೃತ್ತು ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸಿ, ಆಮೇಲೆ ಅದನ್ನು ನಿರಪಾಯಕಾರಿ ಅಸಿಟೇಟ್ ಆಗಿಸುತ್ತದೆ. ಈ ಎರಡನೆಯ ಹಂತದ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರಲ್ಲಿ ಅಸಿಟಾಲ್ಡಿಹೈಡ್ ರಕ್ತದಲ್ಲಿ ಶೇಖರವಾಗಿ, ಅಲರ್ಜಿಯಲ್ಲಿ ಪಾತ್ರವಹಿಸುವ ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಬಿಡುಗಡೆಯಾಗುವಂತೆ ಮಾಡುತ್ತದೆ. ಮುಖ ಕೆಂಪೇರುತ್ತದೆ, ಎದೆ ಢವಗುಟ್ಟುತ್ತದೆ, ಅಸ್ತಮಾ ಇದ್ದರೆ ಶ್ವಾಸನಾಳವೂ ಕಿರಿದಾಗಬಹುದು. ಜಪಾನ್, ಚೀನಾ ಮತ್ತು ಕೊರಿಯಾದ ಜನರಲ್ಲಿ ಈ ಲಕ್ಷಣ ವ್ಯಾಪಕವಾಗಿದೆ. ವಿಚಿತ್ರವೆಂದರೆ, ಶುದ್ಧ ಮದ್ಯಸಾರಕ್ಕೆ ಶ್ವಾಸನಾಳವನ್ನು ಸ್ವಲ್ಪ ಸಡಿಲಿಸುವ ಗುಣವೂ ಇದ್ದು, ಹತ್ತೊಂಬತ್ತನೆಯ ಶತಮಾನದ ವೈದ್ಯರು ಅದನ್ನು ಉಬ್ಬಸಕ್ಕೆ ಔಷಧಿಯಾಗಿಯೂ ಕೊಡುತ್ತಿದ್ದರು. ಇಂದು ಅದನ್ನು ಅನುಸರಿಸುವ ಅಗತ್ಯವೇ ಇಲ್ಲ.

ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯವನ್ನು ನಾನೇ ಕೇಳಬೇಕಾಗಿದೆ. ಆಸ್ಪಿರಿನ್ ಅಥವಾ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗಿದಾಗಲೂ ನಿಮಗೆ ಹೀಗೆಯೇ ಆಗುತ್ತದೆಯೇ? ಮೂಗಿನೊಳಗೆ ಪಾಲಿಪ್, ಅಂದರೆ ಮೆತ್ತನೆಯ ಗಂಟು, ಬೆಳೆದಿದೆಯೇ? ಇಂತಹ ಅಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಮದ್ಯ ಒಗ್ಗುವುದಿಲ್ಲ, ಅದೂ ತೀರಾ ಕಡಿಮೆ ಪ್ರಮಾಣದಲ್ಲಿಯೇ. ಹಾಗಿದ್ದರೆ ಆ ಮಾತ್ರೆಗಳಿಂದ ದೂರವಿದ್ದು, ಈ ಮೂರೂ ಸಂಗತಿಗಳನ್ನು ನಿಮ್ಮ ವೈದ್ಯರಿಗೆ ಒಟ್ಟಿಗೆ ತಿಳಿಸಿ.

ಮೊದಲೇ ಪಫ್ ತೆಗೆದುಕೊಂಡು ಕುಡಿಯುವ ಉಪಾಯವನ್ನು ನಾನು ಒಪ್ಪುವುದಿಲ್ಲ. ವ್ಯಾಯಾಮಕ್ಕೆ ಮುನ್ನ ಹಾಗೆ ಮಾಡಲು ವೈದ್ಯರು ಹೇಳುವುದುಂಟು, ಏಕೆಂದರೆ ವ್ಯಾಯಾಮ ದೇಹಕ್ಕೆ ಬೇಕು, ವೈನ್ ಬೇಕಾಗಿಲ್ಲ. ವೈನ್ ಬಿಡುವುದೇ ನಿಮ್ಮ ಮಟ್ಟಿಗೆ ನೇರವಾದ ಪರಿಹಾರ. ಎಂದಾದರೂ ಮದ್ಯ ಸೇವಿಸಿದ ಬಳಿಕ ಎದೆ ಬಿಗಿದರೆ ಲೋಟವನ್ನು ಕೆಳಗಿಟ್ಟು, ನೇರವಾಗಿ ಕುಳಿತು, ವೈದ್ಯರು ಬರೆದುಕೊಟ್ಟಿರುವ ಪ್ರಮಾಣದಲ್ಲಿ ತುರ್ತು ಇನ್‌ಹೇಲರ್ ಬಳಸಿ. ಅಮಲಿನಲ್ಲಿ ಉಸಿರಾಟದ ಕಷ್ಟದ ಅರಿವು ಮಂಕಾಗಬಹುದಾದ್ದರಿಂದ, ಮಲಗಿದರೆ ಸರಿಹೋದೀತು ಎಂದುಕೊಳ್ಳದೆ, ಇನ್‌ಹೇಲರ್‌ನಿಂದ ಆರಾಮ ಸಿಗದಿದ್ದಲ್ಲಿ ಅಥವಾ ಒಂದು ವಾಕ್ಯವನ್ನು ಉಸಿರು ಕಟ್ಟದೆ ಪೂರ್ತಿ ಹೇಳಲಾಗದಿದ್ದಲ್ಲಿ ಜೊತೆಯಲ್ಲಿರುವವರಿಗೆ ತಿಳಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.