ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಒಂದೇ ಮಾಡೆಲ್‌ನ ಎರಡು ಕಾರುಗಳನ್ನು ನೋಡಿದ್ದೇನೆ. ಒಂದಕ್ಕೆ ಐದು ವರ್ಷ, ಓಡಿರುವುದು 40,000 ಕಿ.ಮೀ. ಇನ್ನೊಂದಕ್ಕೆ ಮೂರೇ ವರ್ಷ, ಆದರೆ 90,000 ಕಿ.ಮೀ. ಓಡಿದೆ. ಬೆಲೆ ಹೆಚ್ಚುಕಡಿಮೆ ಒಂದೇ. ಕಡಿಮೆ ಓಡಿದ್ದನ್ನೇ ತೆಗೆದುಕೊಳ್ಳಬೇಕಲ್ಲವೇ?

ಉತ್ತರ: ಹಾಗೇನಿಲ್ಲ. ಪೆಟ್ರೋಲ್ ಕಾರು ನೋಡಿ ನೋಡಿ ನಮ್ಮ ಕಣ್ಣು ಮೊದಲು ಓಡೋಮೀಟರ್ ಮೇಲೆ ಬೀಳುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬೆಲೆಯ ದೊಡ್ಡ ಪಾಲು ಇರುವುದು ಬ್ಯಾಟರಿಯಲ್ಲಿ. ಬ್ಯಾಟರಿ ಓಡಿಸಿದರೂ ಸವೆಯುತ್ತದೆ, ಸುಮ್ಮನೆ ನಿಲ್ಲಿಸಿದರೂ ಸವೆಯುತ್ತದೆ.

ಓಡಿಸಿದ ಸವೆತದ ಲೆಕ್ಕ ಸುಲಭ. ಒಂದು ಚಾರ್ಜ್‌ಗೆ 300 ಕಿ.ಮೀ. ಹೋಗುವ ಕಾರು 90,000 ಕಿ.ಮೀ. ಓಡಿದ್ದರೆ ಪೂರ್ತಿ ಚಾರ್ಜ್ ಆಗಿ ಪೂರ್ತಿ ಖಾಲಿಯಾದದ್ದು ಸುಮಾರು 300 ಸಲ. ಸಾಮಾನ್ಯ ಲಿಥಿಯಂ ಬ್ಯಾಟರಿಗೆ ಇದು ದೊಡ್ಡ ಸಂಖ್ಯೆಯಲ್ಲ. ನಿಂತಲ್ಲೇ ಆಗುವ ಸವೆತ ಕಣ್ಣಿಗೆ ಕಾಣುವುದಿಲ್ಲ. ಸೆಲ್‌ನೊಳಗಿನ ಗ್ರಾಫೈಟ್ ಮೇಲೆ ತೆಳುವಾದ ಪದರವೊಂದು ದಿನವೂ ಬೆಳೆಯುತ್ತಾ ಬಳಕೆಗೆ ಬರಬೇಕಾದ ಲಿಥಿಯಂ ಅನ್ನು ಕಟ್ಟಿಹಾಕುತ್ತದೆ. ಬಿಸಿ ಹೆಚ್ಚಿದಷ್ಟೂ, ಚಾರ್ಜ್ ಮಟ್ಟ ಮೇಲಿದ್ದಷ್ಟೂ ಈ ಪದರ ಬೇಗ ಬೆಳೆಯುತ್ತದೆ. ಐದು ವರ್ಷ ಬಿಸಿಲಿನಲ್ಲಿ, ಸದಾ 100% ಚಾರ್ಜ್‌ನಲ್ಲಿ ನಿಂತ ಕಾರಿನ ಬ್ಯಾಟರಿ, ದಿನವೂ ಓಡಿ 70-80%ರ ಒಳಗೇ ಇದ್ದ ಕಾರಿನದಕ್ಕಿಂತ ಹೆಚ್ಚು ಸೊರಗಿರಬಹುದು. ಹಾಗಾಗಿ ಮಾರುವವರನ್ನು ಕೇಳಬೇಕಾದದ್ದು: ಎಲ್ಲಿ ನಿಲ್ಲಿಸುತ್ತಿದ್ದಿರಿ? ದಿನವೂ ಎಷ್ಟರವರೆಗೆ ಚಾರ್ಜ್ ಮಾಡುತ್ತಿದ್ದಿರಿ? ತಿಂಗಳುಗಟ್ಟಲೆ ನಿಂತದ್ದುಂಟೇ?

ಇನ್ನು ವಾರಂಟಿ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು, ಎನ್ನುವುದು ಸಾಮಾನ್ಯವಾಗಿ ಕಾಣುವ ಷರತ್ತು. ಆ ಅವಧಿಯಲ್ಲಿ ಸಾಮರ್ಥ್ಯ 70%ಕ್ಕಿಂತ ಕೆಳಗಿಳಿದರೆ ದುರಸ್ತಿ ಅಥವಾ ಬದಲಾವಣೆ. ಈ ಲೆಕ್ಕದಲ್ಲಿ ಮೊದಲ ಕಾರಿಗೆ ಉಳಿದದ್ದು 3 ವರ್ಷ. ಎರಡನೆಯದಕ್ಕೆ 5 ವರ್ಷ ಅಥವಾ 70,000 ಕಿ.ಮೀ. ನೀವು ವರ್ಷಕ್ಕೆ 12,000 ಕಿ.ಮೀ. ಓಡಿಸುವವರಾದರೆ ಆ ಐದು ವರ್ಷವೂ ಪೂರ್ತಿ ನಿಮ್ಮದೇ. ಅಳತೆಯಲ್ಲಿ ಎರಡೂ ಬ್ಯಾಟರಿಗಳು ಸರಿ ಕಂಡರೆ ನಮ್ಮ ಒಲವು ಎರಡನೆಯದರ ಕಡೆಗೆ. ಆದರೆ ವಾರಂಟಿ ಎರಡನೆಯ ಮಾಲೀಕರಿಗೂ ವರ್ಗವಾಗುತ್ತದೆಯೇ ಎಂಬುದನ್ನು ವಾರಂಟಿ ಪುಸ್ತಕದಲ್ಲೇ ಓದಿ. ಕೆಲವು ಕಂಪನಿಗಳ ಹೆಚ್ಚುವರಿ ವಾರಂಟಿ ಮೊದಲ ಮಾಲೀಕರಿಗಷ್ಟೇ ಸೀಮಿತ. ನಿಗದಿತ ಸರ್ವಿಸ್ ತಪ್ಪಿಸಿದ್ದರೆ ಕ್ಲೇಮ್ ತಿರಸ್ಕರಿಸುವ ಷರತ್ತೂ ಇರಬಹುದು.

ಪ್ರಶ್ನೆ: ಪೂರ್ತಿ ಚಾರ್ಜ್ ಮಾಡಿ ಪರದೆಯಲ್ಲಿ 310 ಕಿ.ಮೀ. ತೋರಿಸಿದರು. ಹೊಸದರಲ್ಲಿ 320 ತೋರಿಸುತ್ತಿತ್ತಂತೆ. ಅಂದರೆ ಬ್ಯಾಟರಿ ಬಹಳ ಚೆನ್ನಾಗಿದೆ ಎಂದು ನಂಬಬಹುದೇ?

ಉತ್ತರ: ಆ ಅಂಕಿಯೊಂದನ್ನೇ ನೋಡಿ ನಂಬಬೇಡಿ. ಪರದೆಯ ಕಿ.ಮೀ. ಬ್ಯಾಟರಿಯ ಅಳತೆಯಲ್ಲ, ಇತ್ತೀಚೆಗೆ ಕಾರನ್ನು ಹೇಗೆ ಓಡಿಸಿದರು ಎಂಬುದರ ಮೇಲೆ ಕಟ್ಟಿದ ಅಂದಾಜು. ಒಂದು ವಾರ ಎಸಿ ಹಾಕದೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸಿದರೆ ಸವೆದ ಬ್ಯಾಟರಿಯೂ ಪರದೆಯಲ್ಲಿ ಜೋರಾಗಿಯೇ ಕಾಣುತ್ತದೆ. ಬ್ಯಾಟರಿಯ ಹೊಟ್ಟೆಗೆ ಎಷ್ಟು ಹಿಡಿಸುತ್ತದೆ ಎಂಬುದನ್ನು ನೀವೇ ಅಳೆಯಬಹುದು.

ಕಾರನ್ನು 20% ಚಾರ್ಜ್‌ಗೆ ಇಳಿಸಿ. ಯೂನಿಟ್ ತೋರಿಸುವ ಮೀಟರ್ ಇರುವ, 7 ಕಿಲೋವ್ಯಾಟ್ ಸುಮಾರಿನ ಎಸಿ (ಮನೆಗೆ ಬರುವ ಬಗೆಯ ವಿದ್ಯುತ್ತಿನ) ಚಾರ್ಜರ್‌ಗೆ ಹಾಕಿ 80% ಆಗುವವರೆಗೆ ಬಿಡಿ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. ಮೀಟರ್ 27 ಯೂನಿಟ್ ತೋರಿಸಿತು ಎನ್ನೋಣ. ಗೋಡೆಯಿಂದ ಹೊರಟದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಕಾರಿನೊಳಗಿನ ಚಾರ್ಜರ್‌ನಲ್ಲಿ ಸುಮಾರು 10% ಬಿಸಿಯಾಗಿ ಹೋಗುತ್ತದೆ. 27ರಲ್ಲಿ ಅದನ್ನು ಕಳೆದರೆ 24.3. ಇದು 60% ಭಾಗಕ್ಕೆ ತುಂಬಿದ್ದು, ಆದ್ದರಿಂದ 0.6ರಿಂದ ಭಾಗಿಸಿ: 40.5 ಯೂನಿಟ್. ಹೊಸದರಲ್ಲಿ ಬಳಕೆಗೆ ಸಿಗುತ್ತಿದ್ದುದು 45 ಯೂನಿಟ್ ಆಗಿದ್ದರೆ ಈಗ ಉಳಿದಿರುವುದು 90%.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಹೋಲಿಸಬೇಕಾದದ್ದು ‘ಬಳಕೆಗೆ ಸಿಗುವ’ ಸಾಮರ್ಥ್ಯದೊಂದಿಗೆ. ಜಾಹೀರಾತಿನಲ್ಲಿ ಒಟ್ಟು ಸಾಮರ್ಥ್ಯ ಬರೆದಿದ್ದರೆ ಅದು ಇದಕ್ಕಿಂತ ಹೆಚ್ಚಿರುತ್ತದೆ, ಅದರೊಂದಿಗೆ ಹೋಲಿಸಿ ಒಳ್ಳೆಯ ಕಾರನ್ನು ಬಿಟ್ಟುಬಂದೀರಿ. ಎರಡು, ಮನೆಯ ಸಾಧಾರಣ ಪ್ಲಗ್‌ನಲ್ಲಿ ಈ ಪರೀಕ್ಷೆ ಬೇಡ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪ್‌ಗಳು ಒಂದಿಷ್ಟು ವಿದ್ಯುತ್ ಕುಡಿಯುತ್ತಲೇ ಇರುತ್ತವೆ. 2 ಕಿಲೋವ್ಯಾಟ್‌ನ ನಿಧಾನ ಚಾರ್ಜಿಂಗ್‌ನಲ್ಲಿ ಆ ಪಾಲು ದೊಡ್ಡದಾಗಿ ಲೆಕ್ಕ ಕೆಡುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ನಾಲ್ಕೈದು ಶೇಕಡಾ ಆಚೀಚೆ ಇದ್ದೇ ಇರುತ್ತದೆ. 90% ಬಂದರೆ ಅದನ್ನು 86ರಿಂದ 94ರ ನಡುವೆ ಎಂದು ಓದಿಕೊಳ್ಳಿ.

ಚಾರ್ಜಿಂಗ್‌ಗೆ ಸುಮಾರು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಸಿಗದಿದ್ದರೆ ಟ್ರಿಪ್ ಮೀಟರ್ ಸೊನ್ನೆ ಮಾಡಿ 80%ರಿಂದ 30%ರವರೆಗೆ ಓಡಿಸಿ. ಎಷ್ಟು ಯೂನಿಟ್ ಖರ್ಚಾಯಿತೆಂದು ಕಾರೇ ಹೇಳುತ್ತದೆ. ಅದನ್ನು 0.5ರಿಂದ ಭಾಗಿಸಿ. ಇದು ಕಾರಿನದೇ ಸಾಕ್ಷಿ, ಹೊರಗಿನ ಮೀಟರ್‌ನಷ್ಟು ಗಟ್ಟಿಯಲ್ಲ. ಎರಡೂ ಲೆಕ್ಕ ತಾಳೆಯಾದರೆ ನಿಶ್ಚಿಂತೆ.

ಪ್ರಶ್ನೆ: ಓಬಿಡಿ ಡಾಂಗಲ್ (ಕಾರಿನ ತಪಾಸಣಾ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಸಾಧನ) ಹಾಕಿ ಮೊಬೈಲ್ ಆ್ಯಪ್‌ನಲ್ಲಿ ನೋಡಿದೆ. ಬ್ಯಾಟರಿ ಆರೋಗ್ಯ, ಅಂದರೆ ಎಸ್‌ಓಎಚ್, 94% ಇದೆ. ಇದರ ಜೊತೆ ಬೇರೇನು ನೋಡಬೇಕು?

ಉತ್ತರ: ಡಾಂಗಲ್ ತಂದದ್ದು ಒಳ್ಳೆಯದಾಯಿತು. ಆದರೆ ನೀವು ನೋಡಿದ್ದು ಆ ಪಟ್ಟಿಯಲ್ಲಿ ಕಡಿಮೆ ಭರವಸೆಯ ಅಂಕಿ. ಎಸ್‌ಓಎಚ್ ಎಂದರೆ ಬ್ಯಾಟರಿ ನಿರ್ವಹಣಾ ಕಂಪ್ಯೂಟರಿನ ಅಂದಾಜು. ಪ್ರತಿ ಕಂಪನಿಯ ಸೂತ್ರವೂ ಬೇರೆ. ಮೀಸಲು ಸಾಮರ್ಥ್ಯ ಅಡಗಿಸಿಟ್ಟ ಕೆಲವು ಕಾರುಗಳು ವರ್ಷಗಟ್ಟಲೆ 100% ಎಂದೇ ತೋರಿಸುತ್ತವೆ. ತದ್ವಿರುದ್ಧವೂ ಆಗಿದೆ: 30 ಯೂನಿಟ್ ಬ್ಯಾಟರಿಯ ನಿಸ್ಸಾನ್ ಲೀಫ್ ಕಾರುಗಳು ಇದ್ದದ್ದಕ್ಕಿಂತ ಹೆಚ್ಚು ಸವೆತ ತೋರಿಸುತ್ತಿದ್ದವು, 2018ರಲ್ಲಿ ಸಾಫ್ಟ್‌ವೇರ್ ಬದಲಿಸಿ ಸರಿಪಡಿಸಬೇಕಾಯಿತು. ಲೀಫ್‌ನಲ್ಲಿ ಇನ್ನೊಂದು ಮೋಸವೂ ನಡೆಯುತ್ತದೆ. ಅದರ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಸಾಮರ್ಥ್ಯಕ್ಕೆಂದೇ 12 ಸಣ್ಣ ಪಟ್ಟಿಗಳಿವೆ. ಮೊದಲ ಪಟ್ಟಿ ಆರುವುದು ಸುಮಾರು 15% ಸವೆದ ಮೇಲೆ. ಮಾರುವ ಮುಂಚೆ ಕಂಪ್ಯೂಟರ್ ರೀಸೆಟ್ ಮಾಡಿ 12 ಪಟ್ಟಿಯನ್ನೂ ಬೆಳಗಿಸುವವರಿದ್ದಾರೆ. ಕೆಲವು ವಾರಗಳಲ್ಲಿ ಅವು ಒಂದೊಂದಾಗಿ ಆರುತ್ತವೆ, ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ.

ನೋಡಬೇಕಾದದ್ದು ಸೆಲ್‌ಗಳ ವೋಲ್ಟೇಜ್ ವ್ಯತ್ಯಾಸ. ಸುಮಾರು 400 ವೋಲ್ಟ್‌ನ ಬ್ಯಾಟರಿಯಲ್ಲಿ ಹೆಚ್ಚಾಗಿ ನೂರರ ಆಸುಪಾಸಿನ ಸೆಲ್ ಗುಂಪುಗಳು ಸಾಲಾಗಿರುತ್ತವೆ. ಅನೇಕ ಕಾರುಗಳಲ್ಲಿ 96. ಕೈಹಿಡಿದು ಸಾಲಾಗಿ ನಡೆಯುವವರಲ್ಲಿ ಒಬ್ಬನು ಕುಂಟಿದರೆ ಎಲ್ಲರೂ ನಿಲ್ಲಬೇಕು. ಹಾಗೆಯೇ ಒಂದು ಗುಂಪು ಖಾಲಿಯಾದರೆ ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಕಾರು ನಿಲ್ಲುತ್ತದೆ. ನಿಕಲ್ ಆಧಾರಿತ ಎನ್‌ಎಂಸಿ ಬ್ಯಾಟರಿಯಾದರೆ ಅರ್ಧ ಚಾರ್ಜ್‌ನಲ್ಲಿ, ಕಾರು ನಿಂತಿರುವಾಗ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜ್‌ಗಳ ನಡುವಿನ ಅಂತರ 20 ಮಿಲಿವೋಲ್ಟ್ ಒಳಗಿದ್ದರೆ ಚೆನ್ನ. 50 ದಾಟಿದ್ದರೆ ಅನುಮಾನಿಸಿ. ಚಾರ್ಜ್ 15-20%ಕ್ಕೆ ಇಳಿದಾಗ ಮತ್ತೊಮ್ಮೆ ನೋಡಿ, ಆಮೇಲೆ ಪಕ್ಕದಲ್ಲಿ ಕುಳಿತು ಬೇರೆಯವರಿಗೆ ಜೋರಾಗಿ ಆ್ಯಕ್ಸಿಲರೇಟರ್ ಒತ್ತಲು ಹೇಳಿ ಇನ್ನೊಮ್ಮೆ ನೋಡಿ. ಮೂರೂ ಸಲ ಅದೇ ನಂಬರಿನ ಸೆಲ್ ಕೆಳಗಿದ್ದರೆ, ಉದಾಹರಣೆಗೆ 43ನೆಯದೇ ಪ್ರತಿ ಸಲ ಕುಸಿಯುತ್ತಿದ್ದರೆ, ಎಸ್‌ಓಎಚ್ ಎಷ್ಟೇ ಇರಲಿ ಆ ಕಾರು ಬೇಡ. ಚಾರ್ಜ್ ಹೆಚ್ಚಿರುವಾಗ ಮಾತ್ರ ಅಂತರ ಕಂಡು ಕಡಿಮೆಯಿರುವಾಗ ಕಾಣದಿದ್ದರೆ ಅದು ಸಮತೋಲನ ತಪ್ಪಿದ್ದಿರಬಹುದು. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಪ್ಲಗ್‌ನಲ್ಲೇ ಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದರ ವೋಲ್ಟೇಜ್ ನಡುವಿನ ಬಹುಭಾಗದಲ್ಲಿ ಚಪ್ಪಟೆಯಾಗಿರುವುದರಿಂದ ದುರ್ಬಲ ಸೆಲ್ ಕೂಡ ಉಳಿದವುಗಳ ಜೊತೆ ಬೆರೆತು ನಿಲ್ಲುತ್ತದೆ. ಅಲ್ಲಿ ಚಾರ್ಜ್ 15%ಕ್ಕಿಂತ ಕೆಳಗಿಳಿದಾಗ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ಪ್ರಶ್ನೆ: ಎಲ್‌ಎಫ್‌ಪಿ ಕಾರಿನಲ್ಲಿ 18% ಇದ್ದದ್ದು ಇದ್ದಕ್ಕಿದ್ದಂತೆ 9%ಕ್ಕೆ ಬಿತ್ತು. ಬ್ಯಾಟರಿ ಕೆಟ್ಟಿದೆಯೇ?

ಉತ್ತರ: ಈಗಲೇ ಹಾಗೆ ತೀರ್ಮಾನಿಸಬೇಡಿ. ಮೇಲೆ ಹೇಳಿದ ಆ ಚಪ್ಪಟೆ ವೋಲ್ಟೇಜ್‌ನಿಂದಾಗಿ, ಬಹಳ ದಿನ ಪೂರ್ತಿ ಚಾರ್ಜ್ ಮಾಡದಿದ್ದರೆ ಕಂಪ್ಯೂಟರಿಗೆ ಎಷ್ಟು ಉಳಿದಿದೆ ಎಂಬ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಎಲ್‌ಎಫ್‌ಪಿ ಕಾರನ್ನು ವಾರಕ್ಕೊಮ್ಮೆ 100% ಮಾಡಿ ಎಂದು ತಯಾರಕರು ಹೇಳುವುದು. ನಿಧಾನ ಚಾರ್ಜರ್‌ನಲ್ಲಿ ಎರಡು ಮೂರು ಸಲ 100% ಮಾಡಿಸಿ, ಆಮೇಲೆ ಕೆಳಗಿನವರೆಗೆ ಓಡಿಸಿ ನೋಡಿ. ಆಗಲೂ ಜಿಗಿದರೆ ಸೆಲ್ ದೋಷ.

ಪ್ರಶ್ನೆ: ಫಾಸ್ಟ್ ಚಾರ್ಜಿಂಗ್ ಪರೀಕ್ಷಿಸಲೇಬೇಕೇ? ನಾನು ಮನೆಯಲ್ಲೇ ಚಾರ್ಜ್ ಮಾಡುವವನು.

ಉತ್ತರ: ಪರೀಕ್ಷಿಸಿ. ಮನೆಯ ಎಸಿ ಮತ್ತು ಫಾಸ್ಟ್ ಚಾರ್ಜರ್‌ನ ಡಿಸಿ, ಎರಡೂ ಬೇರೆ ಬೇರೆ ದಾರಿ. ಎಸಿಯಲ್ಲಿ ವಿದ್ಯುತ್ ಕಾರಿನೊಳಗಿನ ಚಾರ್ಜರ್ ಮೂಲಕ ಹೋಗುತ್ತದೆ. ಆ ಚಾರ್ಜರ್ ಕೆಟ್ಟರೆ ಡಿಸಿ ಕೆಲಸ ಮಾಡುತ್ತಿದ್ದರೂ ಮನೆಯಲ್ಲಿ ಚಾರ್ಜ್ ಆಗುವುದಿಲ್ಲ, ಮತ್ತು ಅದು ದುಬಾರಿ ಬಿಡಿಭಾಗ. ಡಿಸಿಯನ್ನು 10-20% ಚಾರ್ಜ್ ಇರುವಾಗ, ಸ್ವಲ್ಪ ಓಡಿಸಿ ಬ್ಯಾಟರಿ ಬೆಚ್ಚಗಾದ ಮೇಲೆ ಹಾಕಿ. ತಣ್ಣನೆಯ ಬ್ಯಾಟರಿ ನಿಧಾನವಾಗಿಯೇ ತೆಗೆದುಕೊಳ್ಳುತ್ತದೆ, ಅದು ದೋಷವಲ್ಲ. ಬೆಚ್ಚಗಿದ್ದೂ ವೇಗ ಕಂಪನಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆಯಿದ್ದರೆ ಇನ್ನೊಂದು ಚಾರ್ಜರ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಸಾಕೆಟ್‌ನ ಪಿನ್‌ಗಳ ಸುತ್ತ ಟಾರ್ಚ್ ಬಿಡಿ. ಪ್ಲಾಸ್ಟಿಕ್ ಕಂದಾಗಿದ್ದರೆ ಅಥವಾ ಕರಗಿದ ಗುರುತಿದ್ದರೆ ಸಂಪರ್ಕ ಸಡಿಲವಾಗಿ ಬಿಸಿಯಾಗಿದೆ ಎಂದರ್ಥ. ಸಾಕೆಟ್ ಚಾಡೆಮೋ ಮಾದರಿಯದಾದರೆ ನಿಮ್ಮ ದಾರಿಯಲ್ಲಿರುವ ಚಾರ್ಜರ್‌ಗಳಲ್ಲಿ ಅದು ಇನ್ನೂ ಉಳಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಅನೇಕ ಕಡೆ ಅದರ ಜಾಗಕ್ಕೆ ಸಿಸಿಎಸ್ ಬಂದಿದೆ.

ಪ್ರಶ್ನೆ: ಅಪಘಾತವಾದ ಅಥವಾ ನೀರಿನಲ್ಲಿ ಮುಳುಗಿದ ಕಾರನ್ನು ಗುರುತಿಸುವುದು ಹೇಗೆ?

ಉತ್ತರ: ಕಾರನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ನೋಡದೆ ಮುಂಗಡ ಕೊಡಬೇಡಿ. ಅಡಿಯಲ್ಲಿ ಚಕ್ರದಿಂದ ಚಕ್ರದವರೆಗೆ ಹರಡಿದ ಚಪ್ಪಟೆ ಪೆಟ್ಟಿಗೆಯೇ ಬ್ಯಾಟರಿ. ಸಣ್ಣ ಗೀರು ಇದ್ದರೆ ಪರವಾಗಿಲ್ಲ. ಒಳಕ್ಕೆ ಒತ್ತಿದ ತಗ್ಗು, ಬಾಗಿದ ಅಂಚು, ಸೀಲ್ ಎದ್ದ ಸಂದು, ಹೊಸದಾಗಿ ಬಳಿದ ಕಪ್ಪು ಬಣ್ಣ ಇವು ಅಪಾಯದ ಗುರುತು. ತಗ್ಗಿನ ಮೇಲ್ಗಡೆಯೇ ಸೆಲ್ ಅಥವಾ ಕೂಲೆಂಟ್ ತಟ್ಟೆ ಇರುತ್ತದೆ. ಪೆಟ್ಟಿಗೆಯ ಬೋಲ್ಟ್‌ಗಳ ತಲೆಯ ಮೇಲೆ ಸ್ಪ್ಯಾನರ್ ಗುರುತಿದ್ದರೆ ಅದನ್ನು ಇಳಿಸಿದ್ದಾರೆ. ಯಾಕೆಂದು ಬಿಲ್ ಸಮೇತ ಕೇಳಿ.

ಮುಳುಗಿದ ಕಾರಿನಲ್ಲಿ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಸಿಗುತ್ತದೆ. ಕಾರ್ಪೆಟ್ ಎತ್ತಿ, ಸೀಟಿನ ಹಳಿ ಮತ್ತು ಅಡಿಯ ಕನೆಕ್ಟರ್‌ಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಇದೆಯೇ ನೋಡಿ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅವನ್ನು ಕಣ್ಣಿಂದ ಮಾತ್ರ ನೋಡಿ, ಕೈ ಹಚ್ಚಬೇಡಿ. ತೇವ ಒಳಹೊಕ್ಕ ಬ್ಯಾಟರಿಯಲ್ಲಿ ಇನ್ಸುಲೇಶನ್ ಪ್ರತಿರೋಧ ಇಳಿಯುತ್ತದೆ. ತಂತ್ರಜ್ಞರು ಅದನ್ನು ಅಳೆದುಕೊಡಬಲ್ಲರು. ಒಂದು ವೋಲ್ಟ್‌ಗೆ 500 ಓಮ್ ಎಂಬ ಲೆಕ್ಕದಲ್ಲಿ 400 ವೋಲ್ಟ್ ಕಾರಿಗೆ 2 ಲಕ್ಷ ಓಮ್ ಕನಿಷ್ಠ ಮಟ್ಟ. ಆರೋಗ್ಯವಾಗಿರುವುದು ಅದಕ್ಕಿಂತ ಬಹಳ ಮೇಲಿರುತ್ತದೆ. ಮುಳುಗಿದ ಕಾರು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಉಪ್ಪುನೀರು ಸೇರಿದ ಬ್ಯಾಟರಿ ವಾರಗಳಾದ ಮೇಲೂ ಹೊತ್ತಿಕೊಂಡ ಉದಾಹರಣೆಗಳಿವೆ.

ಪ್ರಶ್ನೆ: ಎಂಜಿನ್ ಇಲ್ಲವೆಂದ ಮೇಲೆ ಬೇರೆ ಯಾಂತ್ರಿಕ ತಪಾಸಣೆ ಬೇಕಿಲ್ಲ ತಾನೆ?

ಉತ್ತರ: ಬೇಕು. ವೇಗ ತಗ್ಗಿಸುವ ಕೆಲಸ ಹೆಚ್ಚಾಗಿ ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ, ಆದರೆ ಡಿಸ್ಕ್‌ಗಳು ತುಕ್ಕು ಹಿಡಿಯುತ್ತವೆ, ಕ್ಯಾಲಿಪರ್ ಅಂಟಿಕೊಳ್ಳುತ್ತದೆ. ಭಾರದಿಂದಾಗಿ ಟೈರ್ ಮತ್ತು ಸಸ್ಪೆನ್ಶನ್ ಬುಷ್ ಬೇಗ ಸವೆಯುತ್ತವೆ. ಕಿಟಕಿ ಏರಿಸಿ, ರೇಡಿಯೊ ಆರಿಸಿ 60-80 ಕಿ.ಮೀ. ವೇಗದಲ್ಲಿ ಆ್ಯಕ್ಸಿಲರೇಟರ್ ಒತ್ತಿ, ಬಿಡಿ. ವೇಗದ ಜೊತೆ ಏರಿಳಿಯುವ ಗುಂಯ್ ಸದ್ದು ಬಂದರೆ ಮೋಟರ್ ಅಥವಾ ಗೇರ್ ಪೆಟ್ಟಿಗೆಯ ಬೇರಿಂಗ್. 12 ವೋಲ್ಟ್‌ನ ಸಣ್ಣ ಬ್ಯಾಟರಿ ಎಷ್ಟು ಹಳೆಯದು ಎಂದೂ ಕೇಳಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಅದು ಸತ್ತರೆ ಕಾರು ಎಚ್ಚರವಾಗುವುದಿಲ್ಲ.

ಪ್ರಶ್ನೆ: ಕಾಗದಪತ್ರಗಳಲ್ಲಿ ಎಲೆಕ್ಟ್ರಿಕ್ ಕಾರಿಗೆಂದೇ ವಿಶೇಷವಾಗಿ ನೋಡಬೇಕಾದದ್ದು?

ಉತ್ತರ: ಮೊದಲು ಚಾಸಿ ನಂಬರ್ ಹಾಕಿ ರೀಕಾಲ್ ಇದೆಯೇ, ಇದ್ದರೆ ಕೆಲಸ ಮುಗಿದಿದೆಯೇ ನೋಡಿ. ಬೆಂಕಿಯ ಅಪಾಯದಿಂದಾಗಿ ಷೆವರ್ಲೆ ಬೋಲ್ಟ್ ಮತ್ತು ಹ್ಯುಂಡೈ ಕೋನಾ ಕಾರುಗಳನ್ನು 2021ರಲ್ಲಿ ಬ್ಯಾಟರಿ ಬದಲಿಸಲು ಹಿಂದಕ್ಕೆ ಕರೆದಿದ್ದರು. ಹೀಗೆ ಬದಲಾದ ಕಾರು ಸಿಕ್ಕರೆ ಲಾಭ ನಿಮಗೇ, ಕಾರಿಗಿಂತ ಬ್ಯಾಟರಿಯ ವಯಸ್ಸು ಕಡಿಮೆ. ಎರಡನೆಯದಾಗಿ, ಬ್ಯಾಟರಿ ಕಾರಿನ ಜೊತೆಗೇ ಮಾರಾಟವಾಗುತ್ತಿದೆಯೇ? ಯೂರೋಪಿನಲ್ಲಿ ರೆನೋ ಝೋಯಿಯಂಥ ಕಾರುಗಳ ಬ್ಯಾಟರಿಯನ್ನು ತಿಂಗಳ ಬಾಡಿಗೆಗೆ ಕೊಡುತ್ತಿದ್ದರು. ಅಂಥ ಒಪ್ಪಂದವಿದ್ದರೆ ಬ್ಯಾಟರಿ ಮಾರುವವರದ್ದಲ್ಲ.

ಕೊನೆಯದಾಗಿ, ಹಣ ಕೊಡುವ ಮುಂಚೆ, ಮಾರುವವರು ಎದುರಿಗಿರುವಾಗಲೇ ಅವರ ಮೊಬೈಲ್ ಆ್ಯಪ್‌ನಿಂದ ಕಾರನ್ನು ತೆಗೆಸಿ ನಿಮ್ಮ ಖಾತೆಗೆ ಸೇರಿಸಿಕೊಳ್ಳಿ. ಹಾಗೆ ಮಾಡದಿದ್ದರೆ ಕಾರು ಎಲ್ಲಿದೆ ಎಂಬುದು ಅವರಿಗೆ ಕಾಣುತ್ತಲೇ ಇರುತ್ತದೆ, ಕೆಲವು ಕಾರುಗಳಲ್ಲಿ ಬಾಗಿಲು ತೆರೆಯುವುದೂ ಅವರ ಕೈಯಲ್ಲೇ ಉಳಿಯುತ್ತದೆ. ಎರಡೂ ಕೀಲಿ ಕೈಗೆ ಬಂದಿವೆಯೇ, ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿದೆಯೇ ನೋಡಿ, ಆ ಕೇಬಲ್‌ನಿಂದಲೇ ಒಮ್ಮೆ ಚಾರ್ಜ್ ಹಾಕಿಸಿ.